ಬೈಲಕುಪ್ಪೆಯಲ್ಲಿ ಮಗ ಕೇಳಿದ್ದು: ಇವರ ದೇವರು ಯಾರಮ್ಮ?

ಹಾಸನದ ಟೀಚರ್:
ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ಮಗನ್ನ ಕರ್ಕೊಂಡು ಬೈಲಕುಪ್ಪೆ ಗೋಲ್ಡನ್ ಟೆಂಪಲ್‌ಗೆ ಹೋಗಿದ್ದೆ. ಒಳಗೆ ಮೂರು ದೊಡ್ಡ ಚಿನ್ನದ ಬಣ್ಣದ ಮೂರ್ತಿಗಳು, ಮುಂದೆ ದೀಪ, ನೀರು ತುಂಬಿದ ಬಟ್ಟಲುಗಳ ಸಾಲು, ಕೆಂಪು ಬಟ್ಟೆ ಹಾಕಿದ ಪುಟ್ಟ ಪುಟ್ಟ ಹುಡುಗರು ಸಾಲಾಗಿ ಕೂತು ಓದ್ತಾ ಇದ್ರು, ಮಧ್ಯೆ ಮಧ್ಯೆ ಡೋಲು ಕಹಳೆ. ಮಗ ಐದನೇ ಕ್ಲಾಸು. "ಇವರ ದೇವರು ಯಾರಮ್ಮ" ಅಂದ. ಬುದ್ಧ ಅಂದೆ. "ಬುದ್ಧ ಮನುಷ್ಯ ಅಂತ ಪಾಠದಲ್ಲಿದೆಯಲ್ಲ, ಮತ್ತೆ ಪೂಜೆ ಯಾಕೆ, ಪಕ್ಕದಲ್ಲಿರೋ ಇಬ್ರು ಯಾರು" ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆಸೆಯೇ ದುಃಖಕ್ಕೆ ಮೂಲ ಅಂತ 16 ವರ್ಷದಿಂದ ಮಕ್ಕಳ ಕೈಲಿ ಬರೆಸ್ತಾ ಬಂದಿದೀನಿ, ಆ ಮಾತಿನ ಒಳಗೆ ಏನಿದೆ ಅಂತ ಕೂತು ಯೋಚ್ನೆ ಮಾಡಿದ್ದು ಅವತ್ತು ವಾಪಸ್ ಬರೋ ಬಸ್ಸಲ್ಲೇ. ದೇವರಿಲ್ಲ ಅಂತಾರೆ, ಆತ್ಮ ಇಲ್ಲ ಅಂತಾರೆ, ಆದ್ರೆ ಪುನರ್ಜನ್ಮ ಇದೆ ಅಂತಾರೆ, ಇದು ಒಂದಕ್ಕೊಂದು ಹೇಗೆ ಕೂಡುತ್ತೆ, ಇವರ ಮೂಲ ನಂಬಿಕೆ ಆದ್ರೂ ಏನು? ಗೊತ್ತಿರೋರು ಸರಳವಾಗಿ ಹೇಳಿ, ಪಠ್ಯಪುಸ್ತಕದ ಭಾಷೆ ಬೇಡ.

ಕುಶಾಲನಗರದವನು:
ಮೇಡಂ ನಮ್ಮೂರಿಂದ ಅದು ಕಾವೇರಿ ಸೇತುವೆ ದಾಟಿದ್ರೆ ಆಯ್ತು. ಮೂರ್ತಿಗಳ ವಿಷಯ ನಾನು ಹೇಳ್ತೀನಿ, ಧರ್ಮದ ವಿಷಯ ದೊಡ್ಡೋರು ಹೇಳ್ಲಿ. ಮಧ್ಯದಲ್ಲಿರೋದು ಶಾಕ್ಯಮುನಿ ಬುದ್ಧ, ಅಂದ್ರೆ ನಿಮ್ಮ ಮಗನ ಪಾಠದಲ್ಲಿರೋ ಅದೇ ಸಿದ್ಧಾರ್ಥ. ಒಂದು ಪಕ್ಕ ಪದ್ಮಸಂಭವ, ಎಂಟನೇ ಶತಮಾನದಲ್ಲಿ ಟಿಬೆಟ್‌ನಲ್ಲಿ ಬೌದ್ಧ ಧರ್ಮ ನೆಲೆ ನಿಲ್ಲೋ ಹಾಗೆ ಮಾಡಿದ ಗುರು, ಇಲ್ಲಿಯವರು ಗುರು ರಿಂಪೋಚೆ ಅಂತಾರೆ. ಇನ್ನೊಂದು ಪಕ್ಕ ಅಮಿತಾಯುಸ್, ದೀರ್ಘಾಯುಸ್ಸಿನ ಬುದ್ಧ. ಆ ಮಠದ ಹೆಸರು ನಮ್‌ಡ್ರೋಲಿಂಗ್, 1963ರಲ್ಲಿ ಪೆನೋರ್ ರಿಂಪೋಚೆ ಶುರು ಮಾಡಿದ್ದು. ಅದಕ್ಕೂ ಮುಂಚೆ ಟಿಬೆಟ್ ಬಿಟ್ಟು ಓಡಿ ಬಂದೋರಿಗೆ ಆಗಿನ ಮೈಸೂರು ಸರ್ಕಾರ ಇಲ್ಲಿ ಜಾಗ ಕೊಟ್ಟಾಗ ಬರೀ ಕಾಡು, ಆನೆ ಕಾಟ ಅಂತ ನಮ್ಮಜ್ಜ ಹೇಳೋರು, ಆ ಜನ ಕಾಡು ಕಡಿದು ಮುಸುಕಿನ ಜೋಳ ಬೆಳೆದ್ರು.

ಮುಂದಿನ ಸಲ ಬಂದ್ರೆ ಸೆರಾ ಮಠಕ್ಕೂ ಹೋಗಿ. ಅಲ್ಲಿ ಚರ್ಚೆ ನಡಿಯೋದನ್ನ ಮಗನಿಗೆ ತೋರಿಸ್ಲೇಬೇಕು. ಒಬ್ಬ ನೆಲದ ಮೇಲೆ ಕೂತಿರ್ತಾನೆ, ಇನ್ನೊಬ್ಬ ನಿಂತ್ಕೊಂಡು ಒಂದು ಕಾಲು ಎತ್ತಿ ಕುಕ್ಕಿ ಜೋರಾಗಿ ಚಪ್ಪಾಳೆ ಹೊಡೆದು ಪ್ರಶ್ನೆ ಎಸೀತಾನೆ, ಕೂತೋನು ತಕ್ಷಣ ಉತ್ತರ ಕೊಡ್ಬೇಕು. ಮೊದಲ್ನೇ ಸಲ ನೋಡಿದಾಗ ಜಗಳ ಅಂದ್ಕೊಂಡಿದ್ದೆ. ಕನ್ನಡ ಚೆನ್ನಾಗಿ ಬರೋ ಲಾಮಾ ಒಬ್ರು ಹೇಳಿದ್ರು, ಅಕ್ಕಸಾಲಿ ಬಂಗಾರನ ಕಾಸಿ, ಕತ್ತರಿಸಿ, ಒರೆಗಲ್ಲಿಗೆ ಉಜ್ಜಿ ನೋಡೋ ಹಾಗೆ ನನ್ನ ಮಾತನ್ನ ಪರೀಕ್ಷೆ ಮಾಡಿ ತಗೊಳ್ಳಿ, ನನ್ನ ಮೇಲಿನ ಗೌರವಕ್ಕೆ ಒಪ್ಕೋಬೇಡಿ ಅಂತ ಬುದ್ಧ ಹೇಳಿದಾನೆ, ನಾವು ಮಾಡ್ತಿರೋದು ಅದೇ ಅಂತ.

ಪಾಳಿ ಓದುಗ:
ಟೀಚರ್, ನಿಮ್ಮ ಮಗ ಕೇಳಿದ್ದು ತುಂಬಾ ಒಳ್ಳೆ ಪ್ರಶ್ನೆ. ನಾನು ಹತ್ತು ಹನ್ನೆರಡು ವರ್ಷದಿಂದ ಪಾಳಿ ಭಾಷೆಯ ಸುತ್ತಗಳನ್ನ, ಅಂದ್ರೆ ಬುದ್ಧನ ಉಪದೇಶಗಳನ್ನ ಓದ್ತಾ ಇದೀನಿ, ತಿಳಿದಷ್ಟು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ದೇವರ ವಿಷಯ. ಬುದ್ಧ ದೇವತೆಗಳೇ ಇಲ್ಲ ಅಂತ ಹೇಳಿಲ್ಲ. ಸುತ್ತಗಳ ತುಂಬ ದೇವತೆಗಳಿದಾರೆ, ಬ್ರಹ್ಮನೇ ಬಂದು ಕೈಮುಗಿದು ನೀನು ಕಂಡಿದ್ದನ್ನ ಜನಕ್ಕೆ ಹೇಳು ಅಂತ ಬೇಡ್ಕೊಳ್ಳೋ ಪ್ರಸಂಗನೂ ಇದೆ. ಆದ್ರೆ ಆ ದೇವತೆಗಳೂ ಹುಟ್ಟಿ ಸಾಯೋರೇ, ಅವರಿಗೂ ಆಯಸ್ಸಿದೆ, ಅವರು ನಿಮ್ಮನ್ನ ಬಿಡಿಸೋಕಾಗಲ್ಲ. ಜಗತ್ತನ್ನ ಸೃಷ್ಟಿಸಿ ನಡೆಸ್ತಿರೋ ಒಬ್ಬ ಒಡೆಯ ಅನ್ನೋ ಕಲ್ಪನೆಗೆ ಅಲ್ಲಿ ಕೆಲಸ ಇಲ್ಲ. ಮೂರ್ತಿ ಮುಂದೆ ಹೂವು ಇಡೋದು ವರ ಕೇಳೋಕಲ್ಲ. ಹೂವು ಇಡೋವಾಗ ಹೇಳೋ ಒಂದು ಪಾಳಿ ಗಾಥೆ ಇದೆ, ಶ್ರೀಲಂಕಾದಲ್ಲಿ ಮಕ್ಕಳಿಗೂ ಬಾಯಿಗೆ ಬರುತ್ತೆ, ಅದರ ಅರ್ಥ ಇಷ್ಟೇ: ಈ ಹೂವು ಬಾಡೋ ಹಾಗೆ ನನ್ನ ಈ ಮೈಯೂ ಅಳಿದು ಹೋಗುತ್ತೆ. ಕೈಲಿರೋ ಹೂವೇ ಪಾಠ.

ಈಗ ನೀವು ಬರೆಸೋ ವಾಕ್ಯಕ್ಕೆ ಬರ್ತೀನಿ. ಆಸೆ ಅನ್ನೋ ಪದದಿಂದಾನೇ ಎಷ್ಟೋ ಜನ ದಾರಿ ತಪ್ಪಿರೋದು. ಪಾಳಿಯಲ್ಲಿರೋ ಪದ ತಣ್ಹಾ, ಸಂಸ್ಕೃತದ ತೃಷ್ಣೆ, ನಮ್ಮ ತೃಷೆ ಅನ್ನೋದು ಅದರ ಪಕ್ಕದ ಮನೇದು, ಅಂದ್ರೆ ಬಾಯಾರಿಕೆ. ಮಕ್ಕಳಿಗೆ ಚೆನ್ನಾಗಿ ಪಾಠ ಮಾಡ್ಬೇಕು ಅನ್ನೋ ಆಸೆ, ಹಸಿದೋರಿಗೆ ಊಟ ಹಾಕ್ಬೇಕು ಅನ್ನೋ ಆಸೆ ಇದ್ಯಾವುದೂ ತಣ್ಹಾ ಅಲ್ಲ, ಒಳ್ಳೆ ಕೆಲಸದ ಇಚ್ಛೆಗೆ ಛಂದ ಅನ್ನೋ ಬೇರೆ ಪದನೇ ಇದೆ. ಹಿಡಿದಿದ್ದು ಕೈ ಬಿಟ್ಟು ಹೋಗ್ಬಾರ್ದು, ಸುಖ ಇನ್ನೂ ಬೇಕು, ನಾನು ಹೀಗೇ ಇರ್ಬೇಕು, ಇಲ್ಲಾ ನಾನು ಇರ್ಲೇಬಾರ್ದು ಅಂತ ಒಳಗೆ ಒಂದು ದಾಹ ಸುಡ್ತಾ ಇರುತ್ತಲ್ಲ, ಅದು ತಣ್ಹಾ. ಇರ್ಲೇಬಾರ್ದು ಅನ್ನೋದೂ ತೃಷ್ಣೆನೇ ಅಂತ ಗುರುತಿಸಿದ್ದು ನನಗೆ ಬಹಳ ದೊಡ್ಡ ಮಾತು ಅನ್ಸುತ್ತೆ.

ಹಾಗೇನೇ ದುಃಖ ಅಂದ್ರೆ ಬರೀ ಅಳು ಅಲ್ಲ. ಸಾರನಾಥದಲ್ಲಿ ಐದು ಜನರ ಮುಂದೆ ಮಾಡಿದ ಮೊದಲ್ನೇ ಉಪದೇಶದಲ್ಲೇ ಬುದ್ಧ ಬಿಡಿಸಿ ಹೇಳ್ತಾನೆ, ಹುಟ್ಟು ಮುಪ್ಪು ಸಾವು ಸರಿ, ಅದರ ಜೊತೆ ಒಲ್ಲದವರ ಜೊತೆ ಇರೋದು ದುಃಖ, ಒಲಿದವರಿಂದ ದೂರ ಆಗೋದು ದುಃಖ, ಬೇಕಾದ್ದು ಸಿಗದೇ ಇರೋದು ದುಃಖ. ಚೆನ್ನಾಗಿರೋ ಸುಖನೂ ಬದಲಾಗುತ್ತಲ್ಲ, ಅದರೊಳಗೇ ಆ ಕೊರತೆ ಇರುತ್ತೆ. ಇದು ನಾಲ್ಕು ಸತ್ಯಗಳಲ್ಲಿ ಒಂದನೇದು. ಅದಕ್ಕೆ ಕಾರಣ ಇದೆ, ಅದು ತಣ್ಹಾ. ಅದು ನಿಲ್ಲುತ್ತೆ. ನಿಲ್ಲಿಸೋ ದಾರಿ ಇದೆ. ಯಾವ ಪುಸ್ತಕ ತೆಗೆದ್ರೂ ಇಲ್ಲಿಗೆ ನಿಲ್ಲಿಸಿಬಿಡ್ತಾರೆ. ಆದ್ರೆ ಅದೇ ಉಪದೇಶದಲ್ಲಿ ಒಂದೊಂದು ಸತ್ಯಕ್ಕೂ ಒಂದೊಂದು ಕೆಲಸ ಹೇಳಿದೆ, ದುಃಖನ ಅರಿಬೇಕು, ಕಾರಣನ ಬಿಡಬೇಕು, ನಿಲ್ಲೋದನ್ನ ಸ್ವತಃ ಕಾಣಬೇಕು, ದಾರಿನ ಬೆಳೆಸ್ಕೋಬೇಕು. ನಂಬಬೇಕು ಅಂತ ನಾಲ್ಕರಲ್ಲಿ ಯಾವುದಕ್ಕೂ ಹೇಳಿಲ್ಲ. ನೀವು ಮೂಲ ನಂಬಿಕೆ ಏನು ಅಂತ ಕೇಳಿದ್ರಿ, ನನ್ನ ಮಟ್ಟಿಗೆ ಉತ್ತರ ಇದೇ, ಅದು ನಂಬೋ ಪಟ್ಟಿ ಅಲ್ಲ, ಮಾಡೋ ನಾಲ್ಕು ಕೆಲಸ.

ದಾರಿ ಅಂದ್ರೆ ಎಂಟು ಅಂಗದ ಮಾರ್ಗ. ಅದರಲ್ಲಿ ಮಾತು, ನಡತೆ, ಜೀವನೋಪಾಯ ಇದೆಲ್ಲ ಶೀಲ. ಪ್ರಯತ್ನ, ಎಚ್ಚರ, ಏಕಾಗ್ರತೆ ಸೇರಿ ಸಮಾಧಿ, ಅಂದ್ರೆ ಮನಸ್ಸಿನ ಸಾಧನೆ. ಸರಿಯಾದ ನೋಟ, ಸಂಕಲ್ಪ ಸೇರಿ ಪ್ರಜ್ಞೆ. ಮನೆಯಲ್ಲಿರೋರು ಪಂಚಶೀಲದಿಂದ ಶುರು ಮಾಡ್ತಾರೆ: ಕೊಲ್ಲಲ್ಲ, ಕೊಡದಿರೋದನ್ನ ತಗೊಳ್ಳಲ್ಲ, ಲೈಂಗಿಕವಾಗಿ ತಪ್ಪು ನಡೆಯಲ್ಲ, ಸುಳ್ಳು ಹೇಳಲ್ಲ, ಅಮಲು ಬರಿಸೋದನ್ನ ಮುಟ್ಟಲ್ಲ.

ತರ್ಕ ಬೇಕು:
ಸರ್ ಚೆನ್ನಾಗಿ ಬರೆದಿದೀರಿ, ಆದ್ರೆ ಟೀಚರ್ ಕೇಳಿದ ಮುಖ್ಯ ಪ್ರಶ್ನೆ ಹಾಗೇ ಉಳೀತು. ಆತ್ಮ ಇಲ್ಲ ಅಂದ್ಮೇಲೆ ಮತ್ತೆ ಹುಟ್ಟೋದು ಯಾರು? ಇಲ್ಲಿ ಮಾಡಿದ್ದನ್ನ ಅಲ್ಲಿ ಇನ್ಯಾರೋ ಅನುಭವಿಸಿದ್ರೆ ಅದು ಅನ್ಯಾಯ ಅಲ್ವಾ? ನಾನು ಕೊಂಕು ತೆಗೀತಿಲ್ಲ, ಎಷ್ಟೋ ಸಲ ಯೋಚ್ನೆ ಮಾಡಿ ಇಲ್ಲೇ ನಿಂತುಬಿಟ್ಟಿದೀನಿ.

ಪಾಳಿ ಓದುಗ:
ಇದೇ ಪ್ರಶ್ನೆನ ಎರಡು ಸಾವಿರ ವರ್ಷದ ಹಿಂದೆ ಮಿಲಿಂದ ಅನ್ನೋ ಗ್ರೀಕ್ ರಾಜ ನಾಗಸೇನ ಅನ್ನೋ ಭಿಕ್ಷುನ ಕೇಳಿದಾನೆ, ಮಿಲಿಂದ ಪಞ್ಹ ಅನ್ನೋ ಗ್ರಂಥದಲ್ಲಿದೆ. ಮತ್ತೆ ಹುಟ್ಟೋನು ಅವನೇನಾ ಬೇರೆಯವನಾ ಅಂತ. ಅವನೂ ಅಲ್ಲ, ಬೇರೆಯವನೂ ಅಲ್ಲ ಅಂತಾನೆ ನಾಗಸೇನ. ಅವನು ಕೊಡೋ ಉದಾಹರಣೆಗಳಲ್ಲಿ ಒಂದು ಹಾಲು ಮೊಸರಾಗೋದು. ಹಾಲೇ ಮೊಸರಾ? ಅಲ್ಲ. ಹಾಲು ಬಿಟ್ಟು ಎಲ್ಲಿಂದಲೋ ಬಂತಾ? ಅದೂ ಅಲ್ಲ.

ನಾನು ಇದನ್ನ ನಮ್ಮ ಅಡುಗೆಮನೆಗೆ ಇನ್ನೊಂದು ಹೆಜ್ಜೆ ತರ್ತೀನಿ. ನಮ್ಮಮ್ಮ ದಿನಾ ರಾತ್ರಿ ನಿನ್ನೆ ಮೊಸರಿಂದ ಒಂದು ಚಮಚ ತೆಗೆದು ಇವತ್ತಿನ ಹಾಲಿಗೆ ಹೆಪ್ಪು ಹಾಕೋರು. ಇವತ್ತಿನ ಮೊಸರು ನಿನ್ನೇದಲ್ಲ, ಆದ್ರೆ ನಿನ್ನೇದು ಹುಳಿ ಇದ್ರೆ ಇವತ್ತಿಂದೂ ಹುಳಿ. ಈ ಪಾತ್ರೆಯಿಂದ ಆ ಪಾತ್ರೆಗೆ ಮೊಸರಿನ ಆತ್ಮ ಏನೂ ದಾಟ್ಲಿಲ್ಲ. ಒಂದು ಇನ್ನೊಂದಕ್ಕೆ ಕಾರಣ ಆಯ್ತು ಅಷ್ಟೇ. ಬುದ್ಧ ಹೇಳೋ ಪಟಿಚ್ಚಸಮುಪ್ಪಾದ, ಪ್ರತೀತ್ಯ ಸಮುತ್ಪಾದ ಅಂತಾರಲ್ಲ, ಅದರ ತಿರುಳು ಇಷ್ಟೇ, ಇದು ಇದ್ರೆ ಅದು ಇರುತ್ತೆ, ಇದು ನಿಂತ್ರೆ ಅದು ನಿಲ್ಲುತ್ತೆ.

ಆತ್ಮ ಇಲ್ಲ ಅನ್ನೋದಕ್ಕೆ ಪಾಳಿಯಲ್ಲಿ ಅನತ್ತ ಅಂತಾರೆ, ಹಾಗಂದ್ರೆ ನೀವು ಇಲ್ಲ ಅಂತ ಅಲ್ಲ. ದೇಹ, ಸುಖ ದುಃಖದ ಅನುಭವ, ಗುರುತಿಸೋದು, ಮನಸ್ಸಿನ ಸಂಸ್ಕಾರಗಳು, ಅರಿವು ಅಂತ ಐದು ಕಟ್ಟುಗಳು ಸೇರಿ ನಡೀತಿದೆ, ಒಂದೊಂದನ್ನೂ ಬಿಚ್ಚಿ ನೋಡಿದ್ರೆ ಬದಲಾಗದೇ ಇರೋ ನಾನು ಅನ್ನೋದು ಸಿಗಲ್ಲ ಅಂತ. ಐದು ವರ್ಷದ ಮಗುವಾಗಿದ್ದಾಗಿನ ಫೋಟೋ ತೆಗೆದು ನೋಡಿ. ಅದು ನೀವೇನಾ? ಬೇರೆಯವರಾ? ಎರಡಕ್ಕೂ ಪೂರ್ತಿ ಹೌದು ಅನ್ನೋಕಾಗಲ್ಲ, ಆದ್ರೂ ಆ ಮಗು ಬಿದ್ದ ಗಾಯದ ಕಲೆ ನಿಮ್ಮ ಮಂಡಿ ಮೇಲಿದೆ. ನಿಮ್ಮ ನ್ಯಾಯ ಅನ್ಯಾಯದ ಪ್ರಶ್ನೆಗೂ ಉತ್ತರ ಅಲ್ಲಿದೆ ಅಂತ ನಾನು ತಿಳಿದಿರೋದು.

ಭೀಮಾತೀರ:
ನಾ ಕಲಬುರಗಿ ಕಡಿಯಾಂವ. ನಮ್ಮ ಮನ್ಯಾಗ ಬುದ್ಧ ಬಂದದ್ದು ಮಠದಿಂದ ಅಲ್ರಿ, ಬಾಬಾಸಾಹೇಬರಿಂದ. 1956ರ ಅಕ್ಟೋಬರ್ 14ಕ್ಕ ನಾಗಪುರದಾಗ ಲಕ್ಷಗಟ್ಟಲೆ ಜನರ ಜೋಡಿ ಅವರು ದೀಕ್ಷಾ ತಗೊಂಡ್ರು, 22 ಪ್ರತಿಜ್ಞಾ ಮಾಡಿಸಿದ್ರು. ಅದರಾಗ ಐದನೇದು, ಬುದ್ಧ ವಿಷ್ಣುವಿನ ಅವತಾರ ಅನ್ನೋದನ್ನ ನಾ ಒಪ್ಪಂಗಿಲ್ಲ ಅಂತ. ಯಾರರ ಇಲ್ಲಿ ಬಂದು ಬುದ್ಧ ಒಂಬತ್ತನೇ ಅವತಾರ ಅಂತ ಬರೆಯೋಕಿಂತ ಮೊದಲ ಇದನ್ನ ಹೇಳಿಬಿಡ್ತೀನಿ.

ಪುನರ್ಜನ್ಮದ ಮಾತು ಬಂದಾಗ ನಮಗ ಹೊಟ್ಟಿ ಉರಿತದ, ಯಾಕಂದ್ರ ಹಿಂದಿನ ಜನ್ಮದ ಪಾಪಕ್ಕ ಈ ಜಾತ್ಯಾಗ ಹುಟ್ಟೀರಿ ಅಂತ ನಮ್ಮ ಮುತ್ಯಾಗ, ಅವರ ಮುತ್ಯಾಗ ಹೇಳಿ ಹೇಳಿ ಊರ ಹೊರಗ ಇಟ್ಟಿದ್ರು. ಅದಕ್ಕ ಬಾಬಾಸಾಹೇಬರು 1957ರಾಗ ಬಂದ ತಮ್ಮ ಬುದ್ಧನ ಪುಸ್ತಕದಾಗ ಆತ್ಮ ಇಲ್ಲ ಅಂದ ಮ್ಯಾಲ ಕರ್ಮ ಪುನರ್ಜನ್ಮ ಹ್ಯಾಂಗ ಅಂತ ಮುನ್ನುಡಿಯಾಗನ ಪ್ರಶ್ನಾ ಎತ್ಯಾರ. ನಾಲ್ಕು ಸತ್ಯ ಮೊದಲಿಂದ ಇದ್ದುವೋ ಆಮ್ಯಾಲ ಭಿಕ್ಷುಗಳು ಸೇರಿಸಿದ್ರೋ ಅಂತನೂ ಕೇಳ್ಯಾರ. ಸಿದ್ಧಾರ್ಥ ಮನಿ ಬಿಟ್ಟದ್ದು ಮುದುಕನ್ನ, ಹೆಣಾನ ನೋಡಿ ಅಲ್ಲ, 29 ವರ್ಷದಾಂವಗ ಸಾವು ಗೊತ್ತಿರಲಿಲ್ಲೇನು, ರೋಹಿಣಿ ನದಿ ನೀರಿನ ಸಲುವಾಗಿ ಅವನ ಕುಲದ ಶಾಕ್ಯರು, ಬಾಜೂಕಿನ ಕೋಲಿಯರು ಯುದ್ಧಕ್ಕ ನಿಂತಾಗ ಯುದ್ಧ ಬ್ಯಾಡ ಅಂದದ್ದಕ್ಕ ಊರು ಬಿಡಬೇಕಾತು ಅಂತ ಬರ್ದಾರ. ಪಾಳಿ ಸರ್ ಹೇಳಿದ್ದು ತಪ್ಪು ಅಂತ ಅಲ್ಲ, ಆದ್ರ ಬೌದ್ಧರು ಅಂದ್ರ ಎಲ್ಲಾರೂ ಒಂದೇ ಥರ ತಿಳಕೊಂಡಿಲ್ಲ, ಇದೂ ಟೀಚರ್‌ಗೆ ಗೊತ್ತಿರಲಿ.

ನಮಗ ಹತ್ತಿರದ ಕಥಿ ಉಪಾಲಿದು. ಶಾಕ್ಯ ರಾಜಕುಮಾರರು ಬುದ್ಧನ ಭಿಕ್ಷು ಸಂಘ ಸೇರಲಿಕ್ಕೆ ಹೊಂಟಾಗ ಅವರ ಕ್ಷೌರಿಕ ಉಪಾಲಿನೂ ಹೊಂಟ. ಆ ಹುಡುಗರ ಕೇಳ್ಕೊಂಡ್ರು, ಭಂತೆ ನಮಗ ಸೊಕ್ಕು ಭಾಳ ಅದ, ಮೊದಲು ಇವನಿಗೆ ದೀಕ್ಷಾ ಕೊಡ್ರಿ, ಆವಾಗ ನಾವು ಇವನ ಕಾಲಿಗೆ ಬೀಳಬೇಕಾಗ್ತದ ಅಂತ. ಬುದ್ಧ ಹಂಗ ಮಾಡಿದ. ಬುದ್ಧ ಹೋದ ಮ್ಯಾಲ ರಾಜಗೃಹದ ಸಭಾದಾಗ ಸಂಘದ ನಿಯಮ ಎಲ್ಲಾ ಬಾಯಿಪಾಠ ಹೇಳಿದವ ಅದೇ ಉಪಾಲಿ. ನನ್ನ ಪ್ರಕಾರ ಬೌದ್ಧ ಧರ್ಮದ ಪರಿಚಯ ಇಲ್ಲಿಂದ ಶುರು ಆಗಬೇಕು.

ಬ್ಯಾಂಕಾಕ್ ಕನ್ನಡಿಗ:
ಇಲ್ಲಿ ಆರು ವರ್ಷದಿಂದ ಇದೀನಿ, ನಂದು ಓದಿಂದಲ್ಲ, ಕಣ್ಣಲ್ಲಿ ನೋಡಿದ್ದು. ಬೆಳಿಗ್ಗೆ ಆರಕ್ಕೆ ಭಿಕ್ಷುಗಳು ಬರಿಗಾಲಲ್ಲಿ ಪಾತ್ರೆ ಹಿಡ್ಕೊಂಡು ಬರ್ತಾರೆ, ನಮ್ಮ ಬಿಲ್ಡಿಂಗ್ ಕೆಳಗೆ ತಿಂಡಿ ಮಾರೋ ಅಜ್ಜಿ ಚಪ್ಪಲಿ ಬಿಟ್ಟು ಮಂಡಿಯೂರಿ ಮೊದಲ್ನೇ ಅನ್ನ ಅವರಿಗೇ ಹಾಕೋದು. ಅವರು ಥ್ಯಾಂಕ್ಸ್ ಹೇಳಲ್ಲ, ಪಾಳಿಲಿ ಹರಸಿ ಹೋಗ್ತಾರೆ. ಮಧ್ಯಾಹ್ನದ ಮೇಲೆ ಏನೂ ತಿನ್ನಲ್ಲ, ಪಾಲಿಸ್ಬೇಕಾದ ನಿಯಮ 227. ಇಲ್ಲಿ ಗಂಡುಮಕ್ಕಳು ಜೀವನದಲ್ಲಿ ಒಂದ್ಸಲ ಸ್ವಲ್ಪ ದಿನ ಭಿಕ್ಷು ಆಗಿ ಬರೋ ಪದ್ಧತಿ ಇದೆ, ನನ್ನ ಆಫೀಸಿನ ಹುಡುಗ ಒಬ್ಬ ಅವರಮ್ಮನಿಗೆ ಪುಣ್ಯ ಬರ್ಲಿ ಅಂತ ತಲೆ ಬೋಳಿಸ್ಕೊಂಡು ಹೋಗಿ ಬಂದ. ಬೌದ್ಧರಲ್ಲೂ ಪಂಥಗಳಿವೆ, ಇಲ್ಲಿಂದು ಥೇರವಾದ, ಬೈಲಕುಪ್ಪೆದು ಮಹಾಯಾನದಿಂದ ಬೆಳೆದ ವಜ್ರಯಾನ, ನೋಡೋಕೆ ಎರಡು ಬೇರೆ ಧರ್ಮನೇ ಅನ್ನಿಸ್ಬೋದು, ಆದ್ರೆ ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನೋದು ಎರಡರಲ್ಲೂ ಒಂದೇ.

ಮಾಂಸ ತಿಂತಾರಾ ಅಂತ ಊರಿಗೆ ಬಂದಾಗೆಲ್ಲ ಕೇಳ್ತಾರೆ. ಇಲ್ಲಿ ಪಾತ್ರೆಗೆ ಬಿದ್ದಿದ್ದನ್ನ ತಿಂತಾರೆ, ತನಗೋಸ್ಕರಾನೇ ಕೊಂದಿದ್ದು ಅಂತ ನೋಡಿದ್ರೆ, ಕೇಳಿದ್ರೆ, ಅನುಮಾನ ಬಂದ್ರೆ ಮುಟ್ಟಬಾರ್ದು. ಚೀನಾ ಕಡೆ ಭಿಕ್ಷುಗಳು ಪೂರ್ತಿ ಸಸ್ಯಾಹಾರ.

ಹಾಸನದ ಟೀಚರ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನದಿಂದ ಇದನ್ನೇ ಓದ್ತಾ ಇದೀನಿ. ಒಂದು ವಿಷಯ ಮೊದ್ಲು ಹೇಳಿರ್ಲಿಲ್ಲ. ನನ್ನ ತಮ್ಮ ಹೋದ ವರ್ಷ ಹೋಗ್ಬಿಟ್ಟ, 31 ವಯಸ್ಸು, ಖಾಯಿಲೆ ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು. ಬೈಲಕುಪ್ಪೆಗೆ ಹೋಗಿದ್ದೂ ಮನಸ್ಸು ಎಲ್ಲೂ ನಿಲ್ತಿಲ್ಲ ಅಂತಾನೇ. ಹನ್ನೊಂದನೇ ದಿನ ನಮ್ಮ ಸಂಬಂಧಿಕರೊಬ್ರು ಎಲ್ಲರ ಮುಂದೆ, ಪೂರ್ವಜನ್ಮದಲ್ಲಿ ಏನು ಪಾಪ ಮಾಡಿದ್ನೋ ಅಂದ್ರು. ನಮ್ಮಮ್ಮ ಅವತ್ತಿಂದ ಅದೇ ಮಾತು ಹಿಡ್ಕೊಂಡು ಕೊರಗ್ತಾ ಇದಾರೆ. ಭೀಮಾತೀರ ಅಣ್ಣ ಬರೆದಿದ್ದು ಓದಿ ಆ ಮಾತು ಎಷ್ಟು ಹಳೇ ಗಾಯ ಅಂತ ಗೊತ್ತಾಯ್ತು. ಪಾಳಿ ಸರ್, ಬುದ್ಧನೂ ಎಲ್ಲ ಕರ್ಮ ಅಂತಾನೇ ಹೇಳಿದಾನಾ?

ಪಾಳಿ ಓದುಗ:
ಇಲ್ಲಮ್ಮ. ಹೇಳಿಲ್ಲ. ಇದನ್ನ ನಿಮ್ಮ ತಾಯಿಗೆ ಖಂಡಿತ ಓದಿ ಹೇಳಿ.

ಸೀವಕ ಅನ್ನೋನು ಬಂದು ಬುದ್ಧನ್ನ ನೇರವಾಗಿ ಇದನ್ನೇ ಕೇಳ್ತಾನೆ, ಮನುಷ್ಯ ಪಡೋ ಸುಖ ದುಃಖ ಎಲ್ಲಾ ಹಿಂದೆ ಮಾಡಿದ್ದರಿಂದಾನೇ ಅಂತ ಕೆಲವರು ಹೇಳ್ತಾರಲ್ಲ, ನೀವೇನಂತೀರಿ ಅಂತ. ಬುದ್ಧ ಹೇಳ್ತಾನೆ, ಪಿತ್ತದಿಂದ ನೋವು ಬರುತ್ತೆ, ಕಫದಿಂದ ಬರುತ್ತೆ, ವಾತದಿಂದ ಬರುತ್ತೆ, ಮೂರೂ ಸೇರಿ ಬರುತ್ತೆ, ಹವಾಮಾನ ಬದಲಾಗಿ ಬರುತ್ತೆ, ಮೈನ ಸರಿಯಾಗಿ ನೋಡ್ಕೊಳ್ಳದೇ ಬರುತ್ತೆ, ಪೆಟ್ಟು ಬಿದ್ದು ಬರುತ್ತೆ, ಎಂಟನೇದಾಗಿ ಕರ್ಮದಿಂದ ಬರುತ್ತೆ. ಎಂಟರಲ್ಲಿ ಒಂದು. ಎಲ್ಲಾ ಹಿಂದಿನ ಕರ್ಮ ಅನ್ನೋರು ಕಣ್ಣಿಗೆ ಕಾಣೋದನ್ನೂ ಮೀರಿ ಮಾತಾಡ್ತಿದಾರೆ, ಅದು ತಪ್ಪು ಅಂತ ಸ್ಪಷ್ಟವಾಗಿ ಹೇಳ್ತಾನೆ. ಕರ್ಮ ಅಂದ್ರೆ ಚೇತನಾ, ಅಂದ್ರೆ ಮನಸ್ಸಿನ ಉದ್ದೇಶ ಅಂತ ಇನ್ನೊಂದು ಕಡೆ ಅವನೇ ಹೇಳಿರೋದು. ಇನ್ನೊಬ್ರ ಮನೆ ಸಾವಿನ ಮುಂದೆ ನಿಂತು ಲೆಕ್ಕ ಹಾಕೋ ಬಾಬ್ತಲ್ಲ ಅದು.

ಸಾವಿಲ್ಲದ ಮನೆಯ ಸಾಸಿವೆ ಕಥೆ ನೀವೂ ಪಾಠ ಮಾಡಿರ್ತೀರಿ. ಶ್ರಾವಸ್ತಿಯ ಕಿಸಾ ಗೋತಮಿ, ಸತ್ತ ಮಗುನ ಸೊಂಟದ ಮೇಲೆ ಹೊತ್ಕೊಂಡು ಔಷಧಿ ಕೇಳ್ತಾ ಅಲೀತಾಳೆ. ಪರೀಕ್ಷೆಗೆ ನಾವು ಬರೆಸೋದು ಸಾವು ಎಲ್ರಿಗೂ ಬರುತ್ತೆ ಅಂತ. ನನಗೆ ಆ ಕಥೆ ಹಾಗೆ ಕಾಣಲ್ಲ. ಹಾಗೆ ಹೇಳ್ಬೇಕು ಅಂದಿದ್ರೆ ಬುದ್ಧ ಒಂದೇ ವಾಕ್ಯದಲ್ಲಿ ಹೇಳಿ ಕಳಿಸ್ತಿದ್ದ. ನಿನ್ನ ಪಾಪ ಅನ್ನೋದು ಅದಕ್ಕಿಂತ ಸುಲಭ ಇತ್ತು. ಅವನು ಕೇಳಿದ್ದು ಸಾಸಿವೆ, ಯಾವ ಮನೆ ಒಗ್ಗರಣೆ ಡಬ್ಬೀಲೂ ಇರೋ ವಸ್ತು, ಯಾರೂ ಇಲ್ಲ ಅನ್ನಲ್ಲ. ಬಾಗಿಲು ತೆಗೀತಾರೆ, ಕೈಲಿ ಸಾಸಿವೆ ತರ್ತಾರೆ, ಆಮೇಲೆ ನಿಮ್ಮ ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ ಅಂತ ಅವಳು ಕೇಳ್ಬೇಕು, ಅವರು ತಮ್ಮ ಮನೆ ಸಾವನ್ನ ಹೇಳ್ಕೋಬೇಕು. ಒಂದಿಡೀ ದಿನ ಅವಳು ಬೇರೆಯವರ ದುಃಖ ಕೇಳಿದ್ಲು. ಮಗುನ ಇಳಿಸೋ ಶಕ್ತಿ ಬಂದಿದ್ದು ಆ ಬಾಗಿಲುಗಳಿಂದ. ಆಮೇಲೆ ಅವಳು ಸಂಘ ಸೇರಿದ್ಲು, ಥೇರೀಗಾಥಾ ಅಂತ ಭಿಕ್ಷುಣಿಯರದೇ ಹಾಡುಗಳ ಸಂಗ್ರಹ ಇದೆ, ಅದರಲ್ಲಿ ಅವಳದ್ದೂ ಇದೆ.

ಇನ್ನೊಂದು ಮಾತು ಇದೆ, ಎರಡು ಬಾಣದ್ದು. ಬಾಣ ನೆಟ್ಟಾಗ ನೋವಾಗೋದು ಎಲ್ರಿಗೂ ಒಂದೇ, ಜ್ಞಾನಿಗೂ. ಅದರ ಹಿಂದೇನೇ ಮನಸ್ಸು ಎರಡನೇ ಬಾಣ ತಗೊಂಡು ಅದೇ ಜಾಗಕ್ಕೆ ಚುಚ್ಕೊಳ್ಳುತ್ತೆ. ನಿಮ್ಮ ತಮ್ಮ ಹೋಗಿದ್ದು ಮೊದಲ್ನೇದು, ಅದು ನೋಯ್ಬೇಕು, ನೋಯುತ್ತೆ. ಆ ಸಂಬಂಧಿಕರ ಮಾತು ಎರಡನೇದು. ಅದನ್ನ ಕಿತ್ತು ಹಾಕೋಕೆ ಆಗುತ್ತೆ.

ತರ್ಕ ಬೇಕು:
ಟೀಚರ್, ನಿಮ್ಮ ತಮ್ಮನ ವಿಷಯ ಕೇಳಿ ತುಂಬಾ ಬೇಜಾರಾಯ್ತು. ಸೀವಕನ ಮಾತು ನಂಗೆ ಹೊಸದು. ನಾನು ಕರ್ಮ ಅಂದ ತಕ್ಷಣ ಪುಸ್ತಕ ಮುಚ್ಚಿಡ್ತಿದ್ದೆ, ಇನ್ನು ತೆಗೀತೀನಿ.

ಕುಶಾಲನಗರದವನು:
ಭಿಕ್ಷುಣಿಯರ ಮಾತು ಬಂತು ಅಂತ ಇದನ್ನೂ ಸೇರಿಸ್ತೀನಿ. ಟಿಬೆಟನ್ನರಲ್ಲಿ ಗೆಶೆ ಅನ್ನೋ ದೊಡ್ಡ ಪದವಿ ನೂರಾರು ವರ್ಷ ಗಂಡಸರಿಗೇ ಇತ್ತು. 2016ರ ಡಿಸೆಂಬರ್‌ನಲ್ಲಿ ನಮ್ಮ ಮುಂಡಗೋಡದಲ್ಲೇ ದಲೈ ಲಾಮಾ 20 ಸನ್ಯಾಸಿನಿಯರಿಗೆ ಮೊದಲ್ನೇ ಸಲ ಗೆಶೆಮಾ ಪದವಿ ಕೊಟ್ರು. ಕರ್ನಾಟಕದಲ್ಲಿ ಆಗಿದ್ದು ಇದು, ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಾಸನದ ಟೀಚರ್:
ಪಾಳಿ ಸರ್, ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳ್ದೆ. ಏನೂ ಮಾತಾಡ್ಲಿಲ್ಲ. ಎಂಟು ಯಾವ್ಯಾವುದು ಇನ್ನೊಂದ್ಸಲ ಹೇಳು ಅಂದ್ರು, ಹೇಳ್ದೆ. ಬೆಳಿಗ್ಗೆ ತಮ್ಮನ ಫೋಟೋ ಮುಂದೆ ಮಲ್ಲಿಗೆ ಇಡೋವಾಗ ಮಗ ಪಕ್ಕದಲ್ಲಿ ನಿಂತು ಆ ಹೂವಿನ ಮಾತನ್ನ ಅಜ್ಜಿಗೆ ಕನ್ನಡದಲ್ಲಿ ಹೇಳಿದ. ಮಗನಿಗೆ ಈಗ ಸ್ತೂಪ ನೋಡ್ಬೇಕಂತೆ. ಭೀಮಾತೀರ ಅಣ್ಣ, ನಿಮ್ಮ ಕಡೆ ಸನ್ನತಿ ಅಂತ ಇದೆಯಲ್ಲ, ಅಮ್ಮನ್ನೂ ಕರ್ಕೊಂಡು ಬರಬೋದಾ?

ಭೀಮಾತೀರ:
ಬರ್ರಿ ಅಕ್ಕಾರ, ಅವಶ್ಯ ಬರ್ರಿ. ಸನ್ನತಿ ಭೀಮಾ ನದಿ ದಂಡಿಮ್ಯಾಲ ಅದ. 1986ರಾಗ ಚಂದ್ರಲಾಂಬಾ ಗುಡಿ ಆವರಣದಾಗಿನ ಕಾಳಿ ಗುಡಿ ಮಾಳಗಿ ಬಿದ್ದಾಗ, ಮೂರ್ತಿ ಕೆಳಗ ಪೀಠಕ್ಕ ಹಾಕಿದ್ದ ಕಲ್ಲಿನ ಮ್ಯಾಲ ಅಶೋಕನ ಶಾಸನ ಸಿಕ್ಕದ್ದು. ಬಾಜೂಕ ಕನಗನಹಳ್ಳ್ಯಾಗ 1994ರಿಂದ ಅಗದಾಗ ದೊಡ್ಡ ಸ್ತೂಪನ ಬಂತು. ಅಲ್ಲಿ ಅಶೋಕ ರಾಣಿ ಜೋಡಿ ನಿಂತ ಕಲ್ಲು ಅದ, ಬ್ರಾಹ್ಮೀ ಲಿಪಿಯಾಗ ರಾಯಾ ಅಸೋಕೋ ಅಂತ ಹೆಸರು ಕೊರದಾರ. ನಿಮ್ಮ ಹುಡುಗಗ ಇನ್ನೊಂದು ತೋರಿಸ್ರಿ. ಮೂರ್ತಿಗೆ ಯಾಕ ಪೂಜಾ ಅಂತ ಕೇಳಿದ್ನಲ್ಲ, ಹಳೇ ಶಿಲ್ಪದಾಗ ಬುದ್ಧನ ಮೂರ್ತಿನ ಇರ್ತಿರಲಿಲ್ಲ, ಖಾಲಿ ಪೀಠ, ಬೋಧಿ ಗಿಡ, ಪಾದದ ಗುರುತು, ಇಷ್ಟ ಕೊರದು ಅದಕ್ಕ ಜನ ಕೈಮುಗಿಯೋದು ತೋರಿಸ್ತಿದ್ರು.

ರೈಲಿಗೆ ಬಂದ್ರ ವಾಡಿ ಹತ್ತಿರ ನಾಲವಾರ ಸ್ಟೇಷನ್‌ಗೆ ಇಳೀರಿ, ಅಲ್ಲಿಂದ ಗಾಡಿ ಮಾಡ್ಕೊಂಡು ಹೋಗಬೇಕು. ಬ್ಯಾಸಗಿ ಬ್ಯಾಡ, ಅಮ್ಮಾರಿಗೆ ನಮ್ಮ ಬಿಸಲು ತಡ್ಯಾಕ ಆಗಂಗಿಲ್ಲ. ಡಿಸೆಂಬರ್‌ದಾಗ ಬರ್ರಿ, ನಮ್ಮ ಮನ್ಯಾಗ ಊಟ ಮಾಡ್ಕೊಂಡೇ ಹೋಗಬೇಕು.